ಮಳಿಯವರ ಕಿಡಕಿ

ಈಚೆಗೆ ಮೊಮ್ಮಗಳು ನನ್ನನ್ನು ವಿಜಯಪುರದಲ್ಲಿ ಒಂದು ಪ್ರದರ್ಶನಕ್ಕೆ ಕರೆದುಕೊಂಡು ಹೋದಳು. ಚಿತ್ರಗಳಿರುತ್ತವೆ ಅಂದುಕೊಂಡಿದ್ದೆ. ಒಂದೂ ಇರಲಿಲ್ಲ. ದೊಡ್ಡ ಹಾಲಿನ ನಡುವೆ ಹಳೆ ಮನೆಗಳ ಕಿಟಕಿಗಳನ್ನು ಹಗ್ಗ ಕಟ್ಟಿ ತೂಗುಬಿಟ್ಟಿದ್ದರು. ಗೋಡೆ ಇಲ್ಲ, ಮನೆ ಇಲ್ಲ, ಬರೀ ಕಿಟಕಿ. ಒಂದೊಂದರ ಹಿಂದೆ ಒಂದೊಂದು ಕರಿ ಡಬ್ಬಿ. ಒಂದರಿಂದ ಟಾಂಗಾ ಹೋಗುವ ಸದ್ದು, ಒಂದರಿಂದ ಬಟ್ಟೆ ಒಗೆಯುವ ಸದ್ದು, ಇನ್ನೊಂದರಿಂದ ಯಾವಳೋ ಮಗುವನ್ನು ಬೈಯುವ ಸದ್ದು. ಜನ ಕಿಟಕಿಯ ಮುಂದೆ ಕುರ್ಚಿ ಹಾಕಿಕೊಂಡು, ಕಣ್ಣು ಮುಚ್ಚಿ, ದೇವರ ಮುಂದೆ ಕೂತವರ ಹಾಗೆ ಕೂತಿದ್ದರು.

"ಏನ ಬೇ ಇದು?" ಅಂದೆ.

"ಸದ್ದಿನ ಕಲಾ ಅಂತಾರ ಆಯಿ. ಕಿಡಕ್ಯಾಗ ಕುಂತು ಕೇಳಿದ್ದು ನೋಡಿದ್ದು ಎಲ್ಲಾ ಸೇರಿಸಿ ಮಾಡ್ಯಾರ."

ನನಗೆ ಮಳೆಯ ಕಿಟಕಿಯ ಮುಂದೆ ಜಾಗ ಸಿಕ್ಕಿತು. ಮಳೆ ಕೆಟ್ಟದ್ದೇನೂ ಇರಲಿಲ್ಲ. ಆದರೆ ಅದಕ್ಕೆ ಶುರು ಇರಲಿಲ್ಲ. ನಳ ತಿರುವಿದ ಹಾಗೆ ಒಮ್ಮೆಲೇ ಬಂತು. ಅದನ್ನು ಮಾಡಿದ ಹುಡುಗಿ ನನ್ನ ಹತ್ತಿರ ಬಂದು ಬಗ್ಗಿ, "ಹೇಗಿದೆ ಅಜ್ಜಿ?" ಅಂದಳು.

"ಛಲೋ ಐತವ್ವಾ. ನನ್ನ ಕಿಡಕಿಗಿ ಇಟ್ಟಂಗಿ ಇಟ್ಟ ಮುಚ್ಚಿದ್ರು" ಅಂದೆ.

ಅವಳಿಗೆ ತಿಳಿಯಲಿಲ್ಲ. ನಕ್ಕು ಪಕ್ಕದವರ ಕಡೆ ಹೋದಳು. ಹೊರಗೆ ಬರುವಾಗ ಬಾಗಿಲ ಪಕ್ಕದ ಗೋಡೆಯ ಮೇಲೆ ಅವಳ ಹೆಸರು ದೊಡ್ಡ ಅಕ್ಷರದಲ್ಲಿ ಬರೆದಿತ್ತು. ನಾನು ಮೂರನೇ ಇಯತ್ತೆಗೆ ಸಾಲಿ ಬಿಟ್ಟವಳು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಓದಿ ಮುಗಿಸುವಷ್ಟರಲ್ಲಿ ಹೊಟ್ಟೆ ಉರಿಯಿತು. ಆ ಹುಡುಗಿಯ ಮೇಲಲ್ಲ. ಅವಳ ಹೆಸರು ಗೋಡೆಯ ಮೇಲೆ ಇರಬೇಕಾದದ್ದೇ. ನನ್ನ ಉರಿ ಹಳೆಯದು. ಆರಿದೆ ಅಂದುಕೊಂಡಿದ್ದೆ, ಆರಿಲ್ಲ.

ನಾನು ಬಬಲೇಶ್ವರದವಳು. ತಿಕೋಟಾಕ್ಕೆ ಸೊಸೆಯಾಗಿ ಬಂದು ಎರಡನೇ ಸುಗ್ಗಿ ಅದು. ಅರವತ್ತರ ಆಸುಪಾಸು. ಇಸವಿ ನೆನಪಿಲ್ಲ, ಜೋಳ ಚೆನ್ನಾಗಿ ಬಂದಿತ್ತು ಅನ್ನುವುದು ನೆನಪಿದೆ. ಆಗ ತಿಕೋಟಾದಲ್ಲಿ ಈಗಿನ ಹಾಗೆ ದ್ರಾಕ್ಷಿ ತೋಟಗಳಿರಲಿಲ್ಲ. ಎಲ್ಲಿ ನೋಡಿದರೂ ಜೋಳ, ಕುಸುಬಿ, ಕಡಲೆ. ಮನೆಯಲ್ಲಿ ಅತ್ತೆ, ನನ್ನ ಗಂಡ, ಗಂಡನ ಅಣ್ಣ ಸಿದ್ದಪ್ಪ. ಸಿದ್ದಪ್ಪ ನನಗೆ ಬಾವ. ಅವನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು, ಹಾಗಾಗಿ ಒಳಗಿನ ದುಡಿಮೆಯೆಲ್ಲ ನನ್ನದೇ.

ಬಾವನ ಎದುರು ನಾನು ನಿಲ್ಲುವ ಹಾಗಿರಲಿಲ್ಲ. ಮಾತಾಡುವುದಂತೂ ದೂರ. ಏನಾದರೂ ಹೇಳಬೇಕಾದರೆ ಅಂಗಳದ ಎಮ್ಮೆಗೆ ಹೇಳಬೇಕು. "ಎಮ್ಮೀ, ಉಪ್ಪ ತೀರೈತಿ" ಅಂದರೆ ಸಂಜೆಗೆ ಉಪ್ಪು ಬರುತ್ತಿತ್ತು. ಎಮ್ಮೆ ಉತ್ತರ ಕೊಡುತ್ತಿರಲಿಲ್ಲ, ಬಾವನೂ ಕೊಡುತ್ತಿರಲಿಲ್ಲ. ಸಂಸಾರ ನಡೆಯುತ್ತಿತ್ತು.

ಹೊಲಕ್ಕೆ ನನ್ನನ್ನು ಕಳಿಸುತ್ತಿರಲಿಲ್ಲ. ದೊಡ್ಡ ಮನೆತನ ಅಂತ ಹೆಮ್ಮೆ. ಬಾವಿಗೆ ಹೋದರೂ ಅತ್ತೆ ಬೆನ್ನಿಗೆ. ತವರಿನಲ್ಲಿ ಹೊಲ ಸುತ್ತಿದವಳಿಗೆ ಇಲ್ಲಿ ಸಿಕ್ಕ ಊರು ಅಂದರೆ ಹಿಂದಿನ ಕೋಣೆಯ ಕಿಟಕಿ ಒಂದೇ. ಮೊಳ ಅಗಲದ್ದು, ಕಟ್ಟಿಗೆಯ ಸಳಿ ಹಾಕಿದ್ದು. ಬೀಸುವ ಕಲ್ಲು ಅದರ ಕೆಳಗೇ ಇತ್ತು. ಬೀಸುತ್ತ ಕೂತರೆ ಕಿವಿಗೆ ಬಂದದ್ದೆಲ್ಲ ಕಣ್ಣಿಗೆ ಬರುತ್ತಿರಲಿಲ್ಲ, ಕಣ್ಣಿಗೆ ಬಂದದ್ದೆಲ್ಲ ಕಿವಿಗೆ ಬರುತ್ತಿರಲಿಲ್ಲ. ಎರಡನ್ನೂ ನಾನೇ ಸೇರಿಸಿ ಹೊಲೆದುಕೊಳ್ಳಬೇಕು. ಹೊನವಾಡದ ಕಡೆಯಿಂದ ಬಂಡಿ ಬಂದರೆ ಗೆಜ್ಜೆ ಕೇಳಿ ಯಾರ ಎತ್ತು ಅಂತ ಹೇಳುತ್ತಿದ್ದೆ. ಆಮೇಲೆ ಬಂಡಿ ಕಿಟಕಿಗೆ ಬಂದಾಗ ನೋಡುತ್ತಿದ್ದೆ. ತಪ್ಪಿದ್ದು ಕಡಿಮೆ. ಮಳೆಯನ್ನೂ ಹಾಗೇ ಕಲಿತೆ. ಮಳೆ ಮೊದಲು ಜೋಳದ ಕಣಿಕೆಯ ಬಣವೆಯ ಮೇಲೆ ಒಂದು ಹನಿ ಇಡುತ್ತದೆ. ಪಟ್. ಆಮೇಲೆ ಯೋಚನೆ ಮಾಡುತ್ತದೆ. ಮತ್ತೊಂದು ಇಡುತ್ತದೆ. ಆಮೇಲೆ ಬೇವಿನ ಗಿಡಕ್ಕೆ ಬರುತ್ತದೆ, ಅಲ್ಲಿಂದ ನೆಲಕ್ಕೆ. ಕೊನೆಗೆ ಮಾಳಿಗೆಯ ಅಂಚಿನ ತಗಡಿನ ದೋಣಿ ತುಂಬಿ ನೀರು ಹೊರಗೆ ಧುಮುಕುತ್ತದೆ. ಸುಗ್ಗಿಯಲ್ಲಿ ಆ ದೋಣಿಯ ಸದ್ದು ಕೇಳಿದರೆ ಗಂಡಸರ ಮುಖ ಬಿಳಿಚುತ್ತಿತ್ತು. ದೋಣಿ ಸುರಿಯಿತು ಅಂದರೆ ಕಣದಲ್ಲಿನ ಜೋಳ ಹೋಯಿತು.

ರಾಶಿ ಶುರುವಾದಾಗ ನಾಟಕ ಕಂಪನಿ ಬಂತು. ಮನೆಯ ಹಿಂದಿನ ಬಯಲು ನಮ್ಮದೇ, ಬಾವ ಅದನ್ನು ಅವರಿಗೆ ಬಿಟ್ಟುಕೊಟ್ಟ. ತಗಡು, ಗೋಣಿತಟ್ಟು, ಬಿದಿರು ಸೇರಿಸಿ ಥೇಟರು ಎಬ್ಬಿಸಿದರು. ಅದರ ಮುಖ ಊರ ಕಡೆ, ಬೆನ್ನು ನನ್ನ ಕಡೆ. ಸ್ಟೇಜಿನ ಹಿಂದಿನ ಗೋಣಿತಟ್ಟು ನನ್ನ ಕಿಟಕಿಯಿಂದ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ರಾಜ ಬೀಡಿ ಸೇದುವುದನ್ನು ನೋಡಿದೆ. ರಾಕ್ಷಸ ಕೂಸಿಗೆ ಹಾಲು ಕುಡಿಸುವುದನ್ನು ನೋಡಿದೆ. ಊರ ಹೆಂಗಸರೆಲ್ಲ ಮುಂದೆ ಕೂತು ನಾಟಕ ನೋಡಿದರು. ನಮ್ಮ ಮನೆಯಿಂದ ಬಾವ ಒಬ್ಬನೇ ಹೋಗುತ್ತಿದ್ದ, ಮೊದಲನೇ ಸಾಲಿನ ಕುರ್ಚಿಗೆ. ಬಂದು ಅತ್ತೆಗೆ ಹೇಳುತ್ತಿದ್ದ: "ಮನಿತನದ ಹೆಣ್ಮಕ್ಕಳು ನೋಡುವಂಥಾದ್ದಲ್ಲ ಬಿಡವ್ವಾ." ದಿನಾ ಹೋಗುತ್ತಿದ್ದ, ದಿನಾ ಬಂದು ಇದೇ ಮಾತು.

ಕಂಪನಿಯಲ್ಲಿ ರತ್ನಾಬಾಯಿ ಅಂತ ಒಬ್ಬಳಿದ್ದಳು. ತಾಯಿ ಪಾರ್ಟು ಮಾಡುವವಳು. ಬೆಳಿಗ್ಗೆ ಕಿಟಕಿಗೆ ಬಂದು ಮಜ್ಜಿಗೆ ಕೇಳುವಳು, ಸಳಿಯ ಸಂದಿನಲ್ಲಿ ತಂಬಿಗೆ ತೂರಿಸುವಳು. ಒಂದು ದಿನ ಕುಡಿಯುತ್ತ ಕೇಳಿದಳು:

"ನಮ್ಮ ನಾಟ್ಕ ಹೆಂಗೈತಿ ತಂಗಿ?"

"ನಾ ಎಲ್ಲಿ ನೋಡೇನ್ರಿ ಅಕ್ಕಾರ. ಕೇಳೇನಿ ಅಷ್ಟ."

"ಕೇಳಾಕ ಹೆಂಗೈತಿ ಹೇಳ ಹಂಗಾರ."

"ನೀವು ಅಳೂದು ಖರೇ ಕೇಳಸ್ತೈತಿ. ಮಳಿ ಮಾತ್ರ ಖೊಟ್ಟಿ."

ಅವಳು ಮಜ್ಜಿಗೆ ಮೂಗಿಗೆ ಹತ್ತುವ ಹಾಗೆ ನಕ್ಕಳು. ಮಗ ಹೊಳೆ ದಾಟಿ ಬರಬೇಕು, ಮಳೆ ಹಿಡಿದಿದೆ, ತಾಯಿ ಕಿಟಕಿಯಲ್ಲಿ ನಿಂತು ಅಳುತ್ತಾಳೆ. ಅದು ಅವಳ ದೊಡ್ಡ ಸೀನು. ಕಿಟಕಿ ಪರದೆಯ ಮೇಲೆ ಬರೆದದ್ದು.

"ನಮ್ಮ ಮುದುಕ ಎಣ್ಣಿ ಡಬ್ಬ್ಯಾಗ ಸಣ್ಣ ಕಲ್ಲಿನ ಹಳ್ಳ ಹಾಕಿ ಅಳ್ಳಾಡಸ್ತಾನ ಬೇ. ಮಂದಿ ನಗತಾರ, ನಾ ಅಳಬೇಕು. ನನ್ನ ಗತಿ ನೋಡ."

"ಮಳಿ ಹಂಗ ಬರೂದಿಲ್ರಿ. ಅದು ಹೇಳಿ ಬರತೈತಿ."

"ಹೆಂಗ ಹೇಳತೈತಿ?"

ಹೇಗೆ ಅಂತ ಬಾಯಿಂದ ಹೇಳುವುದು ನನಗೆ ಬರಲಿಲ್ಲ. ಒಣ ಜೋಳದ ಗರಿ ಒಂದನ್ನು ತೆಗೆದುಕೊಂಡು ಬೆರಳಿನಿಂದ ಚಿಮ್ಮಿದೆ. ಸುಮ್ಮನಾದೆ. ಮತ್ತೆ ಚಿಮ್ಮಿದೆ. ಕಾಳು ಕೇರುವ ಮರದಲ್ಲಿ ಕುಸುಬಿ ಹಾಕಿ, ಹಸನು ಮಾಡುವಾಗಿನ ಹಾಗಲ್ಲ, ಮಲಗಿದ ಕೂಸನ್ನು ಹೊರಳಿಸುವ ಹಾಗೆ ಮೆಲ್ಲಗೆ ಓರೆ ಮಾಡಿದೆ. ಆಮೇಲೆ ಬುಟ್ಟಿಗೆ ಮೇಲಿಂದ ಜೋಳ ಸುರಿದೆ. ರತ್ನಾಬಾಯಿ ಸಳಿಗೆ ಹಣೆ ಹಚ್ಚಿ ಕಣ್ಣು ಮುಚ್ಚಿದ್ದಳು.

"ಇನ್ನೊಮ್ಮಿ ಮಾಡ" ಅಂದಳು. ಮಾಡಿದೆ. "ಏ ಹುಡುಗಿ, ಮೈ ಥಂಡ ಹೊಡೀತು ನನಗ. ಸಂತಿ ದಿನ ಮಧ್ಯಾಹ್ನದ ಆಟಕ್ಕ ನೀನ ಮಾಡ."

"ನಾ ಹೊಸ್ತಿಲಾ ದಾಟಂಗಿಲ್ರಿ."

"ನೀ ದಾಟಬ್ಯಾಡ. ಮಳಿ ದಾಟತೈತಿ."

ಆ ವಾರವೆಲ್ಲ ನನ್ನ ಕೈ ಬೇರೆಯೇ ಆಗಿತ್ತು. ರೊಟ್ಟಿ ಬಡಿದರೂ ಮಳೆ, ಬೇಳೆ ತೊಳೆದರೂ ಮಳೆ. ಅತ್ತೆ, "ಏನ ಗುಣುಗುಟ್ಟತಿ ಲೇ, ಮರಕ್ಕ ದೆವ್ವ ಬಡದೈತೇನ?" ಅನ್ನುತ್ತಿದ್ದಳು.

ಸಂತೆಯ ದಿನ ಬೆಳಿಗ್ಗೆ ಸ್ವಲ್ಪ ಮೋಡ ಇತ್ತು, ಆಮೇಲೆ ಬಿಸಿಲು ಬಿತ್ತು. ಸುತ್ತ ಹಳ್ಳಿಯ ಜನ ಸಂತೆ ಮುಗಿಸಿ ಥೇಟರು ತುಂಬಿದರು. ಒಳಗೆ ಕತ್ತಲು ಮಾಡಲು ಎಲ್ಲ ಕಡೆ ತಟ್ಟು ಇಳಿಬಿಟ್ಟಿದ್ದರು, ಆಕಾಶ ಯಾರಿಗೂ ಕಾಣುತ್ತಿರಲಿಲ್ಲ. ಅತ್ತೆ ಮುಂದಿನ ಪಡಸಾಲೆಯಲ್ಲಿ, ಗಂಡ ಹೊಲದಲ್ಲಿ, ಬಾವ ತನ್ನ ಕುರ್ಚಿಯಲ್ಲಿ. ನಾನು ಗರಿ, ಮರ, ಬುಟ್ಟಿ, ಒಂದು ಕೊಡ ನೀರು ಇಟ್ಟುಕೊಂಡು ಕೂತೆ. ದೋಣಿಯ ಸದ್ದಿಗೆ ಏನು ಮಾಡುವುದು ಅಂತ ಹಿಂದಿನ ದಿನವೇ ಹುಡುಕಿದ್ದೆ. ಕಿಟಕಿಯ ಹೊರಗೆ ಒಂದು ಮುರುಕು ತಗಡು ಒರಗಿಸಿದ್ದೆ, ಸಳಿಯ ಸಂದಿನಿಂದ ನೀರು ಬಿಟ್ಟರೆ ತಗಡಿನ ಮೇಲೆ ಹರಿದು ಒಣ ಮಣ್ಣಿಗೆ ಬೀಳಬೇಕು.

ರತ್ನಾಬಾಯಿ ಒಳಗಿಂದ "ಯಪ್ಪಾ ಮುಗಲೇ, ಈಗ ಬರಬ್ಯಾಡ" ಅಂದಳು. ನಾವು ಮಾತಾಡಿಕೊಂಡ ಗುರುತು ಅದೇ.

ಒಂದು ಹನಿ. ಥೇಟರಿನಲ್ಲಿ ಯಾರೋ ಕೆಮ್ಮಿದರು. ಇನ್ನೊಂದು ಹನಿ. ಕೆಮ್ಮು ನಿಂತಿತು. ಮರ ಓರೆ ಮಾಡಿದೆ. ಇಷ್ಟು ಜನ ಒಟ್ಟಿಗೆ ಸುಮ್ಮನಾಗುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬುಟ್ಟಿಗೆ ಜೋಳ ಬಿಟ್ಟೆ. ಆಮೇಲೆ ನೀರು. ತಗಡು ಧೋ ಅಂತು, ಒಣ ಮಣ್ಣು ನೀರು ಕುಡಿದು ಘಮ್ ಅಂತು, ಆ ವಾಸನೆ ತಟ್ಟಿನ ಕೆಳಗೆ ನುಸುಳಿ ಒಳಗೆ ಹೋಯಿತು.

"ಲೇ, ಕಣಾ!"

ಬಾವನ ದನಿ ಅದು. ಮೊದಲು ಕೂಗಿದವನೂ ಅವನೇ, ಮೊದಲು ಎದ್ದವನೂ ಅವನೇ. ಕುರ್ಚಿ ಉರುಳಿದ ಸದ್ದು, ಧೋತರ ಹರಿದ ಸದ್ದು. ಅವನ ಹಿಂದೆ ಇಡೀ ಥೇಟರು ಎದ್ದಿತು. ಕಂಪನಿ ಮಾಲಕ ಸ್ಟೇಜಿಗೆ ಬಂದು ಕೂಗಿದ: "ಕುಂದರ್ರಿ! ಕುಂದರ್ರಿ! ಮಳಿ ನಾಟಕದ್ದೈತ್ರೀ!"

"ನಾಟಕದ ಮಳಿಗಿ ಮಣ್ಣಿನ ವಾಸನಿ ಬರತೈತೇನಲೇ ಮಗನ!" ಅಂತ ಯಾರೋ ಬೈದುಕೊಂಡು ಓಡಿದ.

ನಮ್ಮ ಅತ್ತೆ ಪಡಸಾಲೆಯಿಂದ ಎದ್ದು, ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ಬಳಿಯಲು ಏಣಿ ಹತ್ತಿದ್ದಳು. ಮೇಲೆ ಹೋದರೆ ಸುಡು ಬಿಸಿಲು. ಇಳಿದು ಬಂದು ಕೋಣೆಯಲ್ಲಿ ನನ್ನನ್ನು ನೋಡಿದಳು. ಕೈಯಲ್ಲಿ ಖಾಲಿ ಕೊಡ, ಮೈಮೇಲೆಲ್ಲ ಕುಸುಬಿ. "ಏ ಹುಚ್ಚಿ! ಹಾಟಗಳ್ಳಿ! ನನ್ನೂ ಮ್ಯಾಲ ಏರಸಿದ್ಯಲ್ಲ ಬೇ!" ಅಂತ ನೆಲಕ್ಕೆ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಆ ನಗುವನ್ನು ನಾನು ಮರೆತಿಲ್ಲ. ಮರೆಯದಿರುವುದಕ್ಕೆ ಕಾರಣ ಬೇರೆ ಇದೆ.

ಕಣಕ್ಕೆ ಓಡಿದವರು ರಾಶಿಯ ಮೇಲೆ ಕಣಿಕೆ ಮುಚ್ಚಿ, ತಲೆ ಎತ್ತಿ ನೋಡಿ, ಒಬ್ಬರನ್ನೊಬ್ಬರು ಬೈದುಕೊಂಡು, ನಕ್ಕು ವಾಪಸು ಬಂದರು. ಆಟ ಮತ್ತೆ ಮೊದಲಿನಿಂದ ಶುರುವಾಯಿತು. ಬಾವ ಮಾತ್ರ ಥೇಟರಿಗೆ ಹೋಗಲಿಲ್ಲ. ಗೋಡೆಯ ಹಿಂದಿನಿಂದ ಬಂದು ನನ್ನ ಕಿಟಕಿಯ ಹೊರಗೆ ನಿಂತ. ಒದ್ದೆ ಮಣ್ಣು ನೋಡಿದ, ತಗಡು ನೋಡಿದ, ಆಮೇಲೆ ನನ್ನನ್ನು ನೋಡಿದ. ಮದುವೆಯಾಗಿ ಬಂದ ಮೇಲೆ ಅವನು ನನ್ನ ಮುಖ ನೆಟ್ಟಗೆ ನೋಡಿದ್ದು ಅದೇ ಮೊದಲು. ನಾನೂ ಸೆರಗು ಎಳೆಯಲಿಲ್ಲ. ಕೈಯಲ್ಲಿ ಮರ ಇತ್ತು.

ಸಂಜೆ ಮಾಲಕ ಮನೆಗೆ ಬಂದ. ನಾನು ಬಾಗಿಲ ಹಿಂದೆ ನಿಂತು ಕೇಳಿದೆ.

"ಗೌಡ್ರ, ಇಂಥಾ ಮಳಿ ನನ್ನ ಕಂಪನ್ಯಾಗ ಎಂದೂ ಬಂದಿಲ್ರಿ. ರತ್ನಾಬಾಯಿ ಎಲ್ಲಾ ಹೇಳ್ಯಾಳ. ನಿಮ್ಮ ಮನಿ ಸೊಸಿ ಹೆಸರ ಸ್ಟೇಜಿನ ಮ್ಯಾಲ ಹೇಳಿ, ಒಂದ ಸೀರಿ ಉಡಿ ತುಂಬಬೇಕಂತ ಮಾಡೇನ್ರಿ."

"ಮನಿ ಹೆಣ್ಮಗಳ ಹೆಸರ ಸ್ಟೇಜಿನ ಮ್ಯಾಲ? ನಾಲಿಗಿ ಹಿಡದ ಮಾತಾಡ್ರಿ."

"ಹಂಗಾರ ಮಂದಿಗಿ ಏನ ಹೇಳೂದ್ರಿ? ಊರ ತುಂಬ ಕೇಳಾಕತ್ತಾರ, ಮಳಿ ಯಾರ ಮಾಡಿದ್ರಂತ."

ಎಮ್ಮೆ ಬಾಲ ಬೀಸುವುದು ಕೇಳಿಸಿತು.

"ಹೇಳೂದ ಆದ್ರ ನನ್ನ ಹೆಸರ ಹೇಳ್ರಿ" ಅಂದ ಬಾವ.

ಮಾಲಕನಿಗೆ ಯಾರ ಹೆಸರಾದರೇನು, ಅವನು ನಿಂತ ಜಾಗ ನಮ್ಮದು. ಮರುದಿನದ ಆಟದಲ್ಲಿ ಸ್ಟೇಜಿನ ಮೇಲೆ ಬಾವನ ತಲೆಗೆ ರುಮಾಲು ಸುತ್ತಿದರು, ಶಾಲು ಹೊದಿಸಿದರು. ನಾನು ಕಿಟಕಿಯ ಕೆಳಗೆ ಬೀಸುತ್ತ ಕೂತು ಎಲ್ಲ ಕೇಳಿದೆ. ಜನರ ನಡುವೆ ಒಬ್ಬ ಕೂಗಿದ: "ಮಳಿ ಮಾಡಿದಾವನ ಮದಲ ಓಡಿದ್ನಲ್ಲೋ ಸಿದ್ದಪ್ಪಾ!"

ನಾಲಿಗೆ ಕಚ್ಚಿಕೊಂಡಾನು ಅಂದುಕೊಂಡೆ. ಎಲ್ಲಿ! "ಮಾಡಿಸಿದಾವ ನಾ. ಖರೇ ಅನಸ್ಬೇಕಂದ್ರ ಯಾರರ ಮದಲ ಓಡಬೇಕಲ್ಲೋ!" ಅಂದ. ಥೇಟರಿನ ತಗಡು ನಡುಗುವ ಹಾಗೆ ಚಪ್ಪಾಳೆ ಬಿತ್ತು. ಆ ಕಿಟಕಿಯಿಂದ ನಾನು ಕೇಳಿದ ಕೊನೆಯ ಸದ್ದು ಅದು.

ಬೆಳಿಗ್ಗೆ ಗೌಂಡಿ ಬಂದ. ಕಿಟಕಿ ಮುಚ್ಚಲು ಇಟ್ಟಿಗೆ ತಂದ. ಕೆಸರು ಕಲಸಿಕೊಟ್ಟವಳು ಅತ್ತೆ. ಕಣ್ಣಲ್ಲಿ ನೀರು ಬರುವವರೆಗೆ ನಕ್ಕವಳೇ ನೀರು ಹಾಕಿ ಕೆಸರು ತುಳಿದಳು. "ಗಂಡಸರ ಮಾತಿಗಿ ಎದುರ ಆಡಬಾರದವ್ವಾ" ಅಂದಳು, ನನಗಲ್ಲ, ಕೆಸರಿಗೆ.

ನಾನು ಅಂಗಳಕ್ಕೆ ಹೋಗಿ ಎಮ್ಮೆಯ ಮುಂದೆ ನಿಂತೆ. ಬಾವ ಕಟ್ಟೆಯ ಮೇಲೆ ಕೂತಿದ್ದ, ರುಮಾಲು ಇನ್ನೂ ಬಿಚ್ಚಿರಲಿಲ್ಲ.

"ಎಮ್ಮೀ," ಅಂದೆ, ಓಣಿಗೆ ಕೇಳುವ ಹಾಗೆ, "ರುಮಾಲ ಸುತ್ತಿದ ತಲಿ ಮಳಿ ಮಾಡಿದ್ದ ಖರೇ ಆದ್ರ, ಕಿಡಕಿ ಏನ ತಪ್ಪ ಮಾಡೇತಿ?"

ಅದುವರೆಗೂ ಎಮ್ಮೆಯ ಪರವಾಗಿ ಉತ್ತರ ಕೊಡದವನು ಆ ದಿನ ಕೊಟ್ಟ. "ಎಮ್ಮೀ, ಸುಮ್ಮ ಮೇವ ತಿನ್ನ."

ಗಂಡನಿಗೆ ಹೇಳಿದೆ. ಅವನು ಕಾಲು ತೊಳೆಯುತ್ತ, "ಹೋಗ್ಲಿ ಬಿಡ. ಕತ್ತಲಾದ್ರ ದೀಪ ಹಚ್ಚಿದ್ರಾತು" ಅಂದ. ಕಿಟಕಿ ಅಂದರೆ ಬೆಳಕಿಗೆ ಇರುವುದು ಅಂತ ಅವನ ತಿಳುವಳಿಕೆ. ಕೆಟ್ಟವನಲ್ಲ. ಆದರೆ ಆ ಮಾತನ್ನು ಮರೆಯಲು ನಾನು ಅವನನ್ನು ಬಿಡಲಿಲ್ಲ. ಅವನು ಸಾಯುವವರೆಗೂ ಆಗಾಗ ನೆನಪು ಮಾಡಿಕೊಟ್ಟೆ.

ಇಷ್ಟು ಕೇಳಿ ಯಾರಾದರೂ ಹೇಳಬಹುದು, ಆಗಿನ ಕಾಲ ಹಾಗಿತ್ತು ಅಂತ. ಕಾಲ ಹಾಗಿರಲಿಲ್ಲ. ಅದೇ ಕಾಲದಲ್ಲಿ ಊರ ಹೆಂಗಸರು ಮುಂದೆ ಕೂತು ನಾಟಕ ನೋಡಿದರು. ಅದೇ ಕಾಲದಲ್ಲಿ ರತ್ನಾಬಾಯಿ ಸ್ಟೇಜಿನ ಮೇಲೆ ನಿಂತಳು. ಕಾಲ ಕೆಸರು ಕಲಸಲಿಲ್ಲ. ನಮ್ಮ ಮನೆಯವರು ಕಲಸಿದರು.

ಕಂಪನಿ ಎತ್ತಂಗಡಿ ಮಾಡುವ ದಿನ ರತ್ನಾಬಾಯಿ ಹಿಂದಿನಿಂದ ಬಂದು ಗೋಡೆ ಬಡಿದಳು. ಏನೋ ಅಂದಳು. ಇಟ್ಟಿಗೆ ದಾಟಿ ಬರಲಿಲ್ಲ. ನಾನು ಈ ಕಡೆಯಿಂದ ಬಡಿದೆ. ಅವಳಿಗೆ ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಅವರು ಇಲ್ಲಿಂದ ಬಬಲೇಶ್ವರಕ್ಕೆ ಹೋದರು. ಯುಗಾದಿಗೆ ತವರಿಗೆ ಹೋದಾಗ ಅವ್ವ ಹೇಳಿದಳು: "ನಿಮ್ಮೂರಿಂದ ನಾಟ್ಕದಾವ್ರು ಬಂದಿದ್ರು. ತಿಕೋಟಾದ ಮಂದಿ ಎದ್ದ ಓಡಿದ ಮಳಿ ನೋಡ್ರಿ ಅಂತ ಊರ ತುಂಬ ಡಂಗುರ ಹೊಡದ್ರು. ಹೋಗಿ ನೋಡಿದ್ರ ಡಬ್ಬ್ಯಾಗ ಹಳ್ಳ ಅಳ್ಳಾಡಿಸಿದಂಗ ಆತು ನೋಡ. ನಿಮ್ಮೂರ ಮಂದಿ ಏನ ಕಿವುಡರೇನ ಬೇ?"

ನಾನು ಹೋಳಿಗೆ ತಟ್ಟುತ್ತಿದ್ದೆ. ಆ ಮಳೆ ನನ್ನದು ಅಂತ ಹೇಳಿದರೆ ಅವ್ವ ನಂಬುತ್ತಿದ್ದಳು, ನಂಬಿ ಅಳುತ್ತಿದ್ದಳು. ನನಗೆ ಅಳುವವರು ಬೇಕಾಗಿರಲಿಲ್ಲ.

ನಮ್ಮ ಕಡೆ ಅಡ್ಡಹೆಸರು ಹೇಗೆ ಹುಟ್ಟುತ್ತವೆ ಅನ್ನುವುದು ಎಲ್ಲರಿಗೂ ಗೊತ್ತು. ಉಳ್ಳಾಗಡ್ಡಿ ಮಾರಿದವರು ಉಳ್ಳಾಗಡ್ಡಿ ಆಗುತ್ತಾರೆ, ಮೆಣಸಿನಕಾಯಿ ಮಾರಿದವರು ಮೆಣಸಿನಕಾಯಿ. ಆ ಸುಗ್ಗಿಯಿಂದ ಬಾವ ಮಳಿ ಸಿದ್ದಪ್ಪ ಆದ. ಮೊದಲು ಚೇಷ್ಟೆಗೆ, ಆಮೇಲೆ ರೂಢಿಗೆ. ಅವನಿಗೂ ಅದು ಸೇರಿತು. ರುಮಾಲು ಬಿಗಿದುಕೊಂಡು ಸಂತೆಗೆ ಹೋದರೆ "ಮಳಿ ಗೌಡ್ರು ಬಂದ್ರು" ಅನ್ನುವರು, ಇವನು ಮೀಸೆ ತಿರುವುವನು. ನನ್ನ ಮಗನನ್ನು ಸಾಲಿಗೆ ಹಚ್ಚುವಾಗ ಮಾಸ್ತರರು ಅಡ್ಡಹೆಸರು ಕೇಳಿದರು, ಬಾವ ಮಳಿಯವರ ಅಂತ ಬರೆಸಿ ಬಂದ. ಈಗ ನಮ್ಮ ಮನೆಯವರೆಲ್ಲ ಮಳಿಯವರ. ನನ್ನ ವೋಟಿನ ಕಾರ್ಡಿನಲ್ಲೂ ನೀಲವ್ವ ಮಳಿಯವರ ಅಂತ ಇದೆ. ಮದುವೆಯಾಗಿ ಬಂದದ್ದಕ್ಕೆ ಸಿಕ್ಕ ಹೆಸರು ಅಂತ ಕೊಟ್ಟವರ ಲೆಕ್ಕ. ನನ್ನ ಕೈಯಿಂದ ಹುಟ್ಟಿದ ಹೆಸರನ್ನು ನನಗೇ ಗಂಡನ ಮನೆಯದು ಅಂತ ಕೊಟ್ಟಿದ್ದಾರೆ.

ಅತ್ತೆ ಹೋದಳು, ಬಾವ ಹೋದ, ಗಂಡನೂ ಹೋದ. ಮನೆ ಮಗನ ಪಾಲಿಗೆ ಬಂದು ಎಷ್ಟೋ ವರ್ಷವಾಯಿತು. ಆದರೂ ಆ ಗೋಡೆಯ ಕಡೆ ನಾನು ನೋಡಿರಲಿಲ್ಲ. ಅದರ ಮುಂದೆ ಜೋಳದ ಚೀಲ ಇಟ್ಟಿದ್ದೆವು. ವಿಜಯಪುರದಲ್ಲಿ ಗೋಡೆಯೇ ಇಲ್ಲದೆ ತೂಗುವ ಕಿಟಕಿಗಳನ್ನು ನೋಡಿ ಬಂದ ಮರುದಿನ ಗೌಂಡಿಗೆ ಹೇಳಿಕಳಿಸಿದೆ.

ಮಗ ತಲೆ ಕೆರೆದುಕೊಂಡ. "ಯವ್ವಾ, ಆಚಿ ಕಡಿ ಏನೈತಿ ನೋಡಾಕ? ದ್ರಾಕ್ಷಿ ಮಣೂಕ ಒಣಗಸೂ ಶೆಡ್ಡ ಐತಿ, ಅದರ ತಗಡ ಐತಿ. ಕಿಡಕಿ ತಗದ್ರ ಗಾಳಿನೂ ಬರೂದಿಲ್ಲ, ಬೆಳಕೂ ಬರೂದಿಲ್ಲ. ಬರೇ ಸದ್ದ ಬರತೈತಿ."

"ಬರ್ಲಿ. ಸದ್ದಿಗೇ ತಗಸಾಕತ್ತೇನಿ."

ಇಟ್ಟಿಗೆ ಒಂದೊಂದಾಗಿ ಬಿದ್ದವು. ಅತ್ತೆ ತುಳಿದ ಕೆಸರು ಇನ್ನೂ ಗಟ್ಟಿಯಾಗಿತ್ತು, ಗೌಂಡಿ ಬೆವರಿದ. ಸಳಿ ಗೆದ್ದಲು ತಿಂದಿದ್ದವು. ಮಗ ಹೇಳಿದ್ದು ಸುಳ್ಳಲ್ಲ, ಆಚೆ ಬರೀ ತಗಡು.

ನಿನ್ನೆ ಮಧ್ಯಾಹ್ನ ಮಳೆ ಬಂತು. ಈಗ ಆ ಕಡೆ ಬಣವೆ ಇಲ್ಲ, ಬೇವಿನ ಗಿಡ ಇಲ್ಲ, ಒಣ ಮಣ್ಣೂ ಇಲ್ಲ. ಖರೇ ಮಳೆಯೇ ಶೆಡ್ಡಿನ ತಗಡಿಗೆ ಬಡಿದು, ಎಣ್ಣೆ ಡಬ್ಬಿಯಲ್ಲಿ ಹಳ್ಳ ಅಳ್ಳಾಡಿಸಿದ ಹಾಗೆ ಕೇಳಿಸಿತು. ಖೊಟ್ಟಿ. ನಾನು ಹೋಗಿ ಮರ ತಂದೆ, ಕುಸುಬಿ ಹಾಕಿದೆ, ಕಿಟಕಿಯ ಕೆಳಗೆ ಕೂತೆ. ಮಗ ಅಂಗಳದಿಂದ ಕೂಗಿದ: "ಯವ್ವಾ, ಮ್ಯಾಲ ಶಾವಿಗಿ ಹಾಕೀರಿ, ಮಳಿ ಬರಾಕತ್ತೈತಿ!"

"ಇನ್ನೂ ಬಂದಿಲ್ಲ, ತಡಿ" ಅಂದೆ. ಗರಿ ತೆಗೆದುಕೊಂಡು ಮೊದಲನೇ ಹನಿ ಇಟ್ಟೆ.